ಗ್ಯಾಸ್ ಗೀಸರ್: ಬಿಸಿನೀರು ಒಳಗೆ, ಹೊಗೆ ಹೊರಗೆ
(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ನೀಡಿದ ಮಾಹಿತಿ)



ಈಗೀಗ ನಮ್ಮ ಸಂಘಗಳಲ್ಲಿ ಗ್ಯಾಸ್ ಗೀಸರ್ ಕೊಳ್ಳಲು ಸಾಲ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಸೌದೆ ಹೊತ್ತು ತಂದು ಹಂಡೆಗೆ ಉರಿ ಹಾಕುವ ಕಷ್ಟ ನಮಗೆಲ್ಲ ಗೊತ್ತಿದೆ. ಆದರೆ ಸಾಲ ಮಂಜೂರು ಮಾಡುವ ಮೊದಲು ಒಂದು ಮಾತು ಕೇಳೋಣ: "ಗೀಸರ್ ಎಲ್ಲಿ ಕೂರಿಸ್ತೀರಿ? ಅದರ ಹೊಗೆ ಎಲ್ಲಿಗೆ ಹೋಗುತ್ತೆ?"

"ಗ್ಯಾಸಿಗೆ ಎಲ್ಲಿಯ ಹೊಗೆ ಸಿಸ್ಟರ್?" ಎಂದು ನೀವು ಕೇಳಬಹುದು. ಹೊಗೆ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹಳೆಯ ಬಚ್ಚಲುಮನೆಗೆ ಹಂಚಿನ ಮಾಡು ಇತ್ತು, ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಈಗಿನದು ತಾರಸಿಯ ಪುಟ್ಟ ಕೋಣೆ. ಚಳಿ ಎಂದು ಇರುವ ಕಿಟಕಿಯನ್ನೂ ಮುಚ್ಚುತ್ತೇವೆ.

1 ಕೆ.ಜಿ. ಗ್ಯಾಸ್ ಪೂರ್ತಿ ಉರಿಯಲು ಸುಮಾರು 15 ಕೆ.ಜಿ. ಗಾಳಿ ಬೇಕು. ಅಡುಗೆ ಒಲೆಯ ಒಂದು ಬರ್ನರ್‌ಗಿಂತ ಗೀಸರ್ ನಾಲ್ಕೈದು ಪಟ್ಟು ಜೋರಾಗಿ ಉರಿಯುತ್ತದೆ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲುಮನೆಯಲ್ಲಿರುವುದು ಸುಮಾರು ಆರೂವರೆ ಕೆ.ಜಿ. ಗಾಳಿ ಮಾತ್ರ. ಎಲ್ಲಾ ಮುಚ್ಚಿದರೆ ಅದು ಅರ್ಧ ಗಂಟೆಗೂ ಸಾಲದು. ಅಪಾಯ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಯಾಕೆಂದರೆ ಗಾಳಿ ಕಡಿಮೆಯಾದ ಹಾಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ.

ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ, ಅದು ಎಚ್ಚರಿಸಲೆಂದೇ ಬೆರೆಸಿದ ವಾಸನೆ. ಈ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಇದು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಇದರ ಲಕ್ಷಣ. ಚಿಲಕ ತೆಗೆಯುವಷ್ಟೂ ಶಕ್ತಿ ಉಳಿಯದೆ ಬೀಳಬಹುದು. ಗರ್ಭಿಣಿಯರಿಗೆ, ಮಕ್ಕಳಿಗೆ, ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡಬೇಕು?

1. ಗೀಸರ್, ಸಿಲಿಂಡರ್ ಎರಡೂ ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಗೀಸರ್ ಪಕ್ಕದಲ್ಲೇ ಕಿಟಕಿ ಇದ್ದರೆ ಹೊಗೆ ಮತ್ತೆ ಒಳಗೆ ಬರುತ್ತದೆ.

2. ಮನೆಯೊಳಗೇ ಇಡಬೇಕಾದರೆ ಹೊಗೆ ಕೊಳವೆ ಇರುವ ಮಾದರಿಯನ್ನೇ ಕೊಳ್ಳಿ. ಕೊಳವೆ ನೇರ ಬಯಲಿಗೆ ಹೋಗಬೇಕು, ಅಟ್ಟಕ್ಕಾಗಲಿ ಪಕ್ಕದ ಕೋಣೆಗಾಗಲಿ ಅಲ್ಲ. ಜೋಡಣೆ ಬಿಗಿಯಾಗಿರಲಿ, ಬಾಯಿಯಲ್ಲಿ ಹಕ್ಕಿಗೂಡು ಕಟ್ಟದಿರಲಿ. ಕಂಪನಿಯ ತಿಳುವಳಿಕೆ ಪುಸ್ತಕದಲ್ಲಿ ಹೇಳಿದ ಕೊಳವೆ, ಹೇಳಿದ ಇಳಿಜಾರು ಇರಲಿ.

3. ಗ್ಯಾಸ್ ಹೆಚ್ಚು ಉಳಿಸುವ ಹೊಸ ಮಾದರಿಗಳು ಹೊಗೆಯ ಬಿಸಿಯನ್ನೂ ಹೀರಿಕೊಳ್ಳುತ್ತವೆ. ಆಗ ಹೊಗೆ ತಣ್ಣಗಾಗಿ, ಅದರಿಂದ ನೀರು ತೊಟ್ಟಿಕ್ಕುತ್ತದೆ. ತಣ್ಣಗಿದೆ ಎಂದು ಒಳಗೆ ಬಿಡಬೇಡಿ. ಅದಕ್ಕೂ ಕೊಳವೆ ಬೇಕು, ಆ ನೀರು ಹರಿದುಹೋಗಲು ದಾರಿಯೂ ಬೇಕು.

4. ಎಕ್ಸಾಸ್ಟ್ ಫ್ಯಾನ್ ಇದೆ, ಸಾಕು ಅನ್ನಬೇಡಿ. ಮುಚ್ಚಿದ ಕೋಣೆಯಲ್ಲಿ ಫ್ಯಾನು ಕೊಳವೆಯ ಹೊಗೆಯನ್ನೇ ಒಳಗೆ ಎಳೆಯಬಹುದು. ಹೊರಗಿನ ಗಾಳಿ ಬರಲು ಜಾಲರಿ ಇರಲೇಬೇಕು.

5. ಉರಿ ನೀಲಿ ಇರಬೇಕು. ಹಳದಿ ಉರಿ, ಮಸಿ ಕಂಡರೆ ನಿಲ್ಲಿಸಿ ರಿಪೇರಿಯವರನ್ನು ಕರೆಸಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಈಗಾಗಲೇ ಒಳಗಿದ್ದರೆ, ಹೊರಗೆ ಹಾಕಿಸುವ ತನಕ ಬಾಗಿಲು ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆ ಸ್ನಾನ ಮಾಡಿ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದಾದರೂ ಬೇಗ ಹೊರಗಿನ ಗಾಳಿಗೆ ತನ್ನಿ. ನೀವೂ ಒಳಗೆ ನಿಲ್ಲಬೇಡಿ. ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ, "ಗ್ಯಾಸ್ ಗೀಸರ್ ಇತ್ತು" ಎಂದು ಡಾಕ್ಟರಿಗೆ ಮರೆಯದೆ ಹೇಳಿ. ಆಮ್ಲಜನಕ ಕೊಡುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಸಿಲಿಂಡರ್ ಸೋರಿದರೆ 1906ಕ್ಕೆ ತಿಳಿಸಿ.

ಕೊನೆಯದಾಗಿ, ಗೀಸರಿನ ಬೆಲೆಗೆ ಮಾತ್ರ ಸಾಲ ಕೊಟ್ಟರೆ ಉಳಿದ ಖರ್ಚಿಗೆ ಹಣವಿಲ್ಲದೆ ಅದು ಬಚ್ಚಲಿನೊಳಗೇ ಗೋಡೆಗೇರುತ್ತದೆ. ಪೈಪು, ಕೂಲಿ ಸೇರಿಸಿಯೇ ಸಾಲದ ಅರ್ಜಿ ಬರೆಸೋಣ. ಮುಂದಿನ ವಾರದ ಸಭೆಯಲ್ಲೇ ಇದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಗೀಸರ್ ಇರುವ ಸದಸ್ಯರ ಮನೆಗೆ ಇಬ್ಬರಿಬ್ಬರಾಗಿ ಹೋಗಿ ನೋಡಿ ಬನ್ನಿ. ಇದು ನಮ್ಮಿಂದ ಆಗುವ ಕೆಲಸ.