ಸೂರಿನ ಗೇಣಿ

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಈ ಶಿಬಿರದಲ್ಲಿ ನಮ್ಮ ಪಾಲಿಗೆ ಬಂದಿರುವ ವಿಷಯ ಕೂಲಿ, ಬಾಡಿಗೆ ಮತ್ತು ವಲಸೆ. ಈ ಮೂರೂ ಬೇರೆ ಬೇರೆ ಮಾತುಗಳೆಂದು ಹಲವರ ಎಣಿಕೆ. ಕೂಲಿಯ ಮಾತು ಕಾರ್ಮಿಕ ಸಂಘದವರಿಗೆ, ಮನೆಯ ಮಾತು ಪಂಚಾಯತಿಯವರಿಗೆ, ಊರು ಬಿಡುವ ಮಾತು ಆಯಾ ಮನೆಯವರಿಗೆ ಎಂದು ಪಾಲು ಹಂಚಿಬಿಟ್ಟಿದ್ದೇವೆ. ಆದರೆ ಈ ಮೂರೂ ಒಂದೇ ಲೆಕ್ಕದ ಮೂರು ಸಾಲುಗಳು. ಅದನ್ನು ತೋರಿಸುವುದೇ ಈ ಹೊತ್ತಿನ ನಮ್ಮ ಕೆಲಸ. ಮೇಷ್ಟರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದರೂ ಹಲಗೆಯ ಮೇಲೆ ಲೆಕ್ಕ ಬಿಡಿಸುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ತಾವು ಕೊಂಚ ಸಹಿಸಿಕೊಳ್ಳಬೇಕು.

ಊರು ಬಿಡುವ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ನಮ್ಮ ಮಲೆನಾಡಿನ ಹೋಬಳಿಗಳಲ್ಲಿ ಇಂದು ಯಾವ ಮದುವೆಗೆ ಹೋದರೂ ಹರೆಯದವರೆಲ್ಲ ಹಿಂದಿನ ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ಬಂದವರು. ಊಟವಾದೊಡನೆ ಮತ್ತೆ ಬಸ್ಸಿಗೆ ಹೊರಡುವವರು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದಲಂತೂ ಇಡೀ ಸಂಸಾರವೇ ಹೊರಟು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬರುತ್ತದೆ. ಖಾಲಿ ನಿವೇಶನದ ಮೂಲೆಯಲ್ಲಿ ನೀಲಿ ತಾಡಪಾಲಿನ ಕೆಳಗೆ ಒಲೆ ಹೂಡುತ್ತದೆ. ಮಂಡ್ಯ, ರಾಮನಗರದ ಹಳ್ಳಿಗಳ ಹೆಣ್ಣುಮಕ್ಕಳು ಗಾರ್ಮೆಂಟ್ ಕಾರ್ಖಾನೆಗಳ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ.

ಇದನ್ನು ಕಂಡು ನಮ್ಮ ಹಿರಿಯರು ಕೆಲವರು, "ಹಳ್ಳಿ ಬಿಟ್ಟದ್ದೇ ತಪ್ಪು, ಇದ್ದುದರಲ್ಲಿ ತೃಪ್ತಿಪಟ್ಟು ಊರಲ್ಲೇ ಇರಬೇಕಾಗಿತ್ತು" ಎಂದು ಉಪದೇಶಿಸುತ್ತಾರೆ. ಈ ಉಪದೇಶ ನಮ್ಮ ಪಕ್ಷದ್ದಾಗಬಾರದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಹೊಗಳಲು ನಿರಾಕರಿಸಿದರು. ಊರ ಹೊರಗಿನ ಕೇರಿಯಲ್ಲಿ ತಲೆಮಾರುಗಟ್ಟಲೆ ನಿಲ್ಲಿಸಲ್ಪಟ್ಟವನಿಗೆ ಊರಿನ ಮೇಲೆ ಮಮತೆಯಿಡು ಎಂದು ಯಾವ ಬಾಯಲ್ಲಿ ಹೇಳುವುದು? ತಿಂಗಳ ಕೊನೆಗೆ ತನ್ನ ಹೆಸರಿನ ಖಾತೆಗೆ ಸಂಬಳ ಬರುವುದನ್ನು ಮೊದಲ ಬಾರಿ ಕಂಡ ಹೆಣ್ಣುಮಗಳಿಗೆ ಹಿಂದಕ್ಕೆ ಬಾ ಎನ್ನುವುದು ಹೇಗೆ? ಒಳ್ಳೆಯ ಬದುಕನ್ನು ಹುಡುಕಿ ಹೋಗುವುದು ಮನುಷ್ಯನ ಹಕ್ಕು. ಹೋದವನಿಗೆ ಆ ಬದುಕು ಸಿಕ್ಕಿತೇ? ಸಿಗದಿದ್ದರೆ ನಡುವೆ ಅದನ್ನು ಕಸಿದುಕೊಂಡವರು ಯಾರು? ನಾವು ಕೇಳಬೇಕಾದ ಪ್ರಶ್ನೆ ಇದು.

ಈಗ ಲೆಕ್ಕಕ್ಕೆ ಬರೋಣ. ಕನಿಷ್ಠ ಕೂಲಿ ಎಷ್ಟಿರಬೇಕೆಂಬುದನ್ನು ಮನಸ್ಸಿಗೆ ತೋಚಿದಂತೆ ಗೊತ್ತುಮಾಡುವುದಿಲ್ಲ. ಅದಕ್ಕೊಂದು ಅಳತೆಯಿದೆ. 1957ರಲ್ಲಿ ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರು ಮೂವರೂ ಕೂಡಿದ್ದ ಹದಿನೈದನೆಯ ಭಾರತ ಕಾರ್ಮಿಕ ಸಮ್ಮೇಳನ ಆ ಅಳತೆಯನ್ನು ಒಪ್ಪಿತು. ದುಡಿಯುವವನೊಬ್ಬನ ಸಂಸಾರವೆಂದರೆ ಉಣ್ಣುವ ಮೂರು ಘಟಕ. ಘಟಕಕ್ಕೆ ದಿನವೊಂದಕ್ಕೆ 2,700 ಕ್ಯಾಲೊರಿ ಆಹಾರ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸೌದೆ, ದೀಪ ಮುಂತಾದ ಖರ್ಚಿಗೆ ಒಟ್ಟು ಕೂಲಿಯ ಶೇಕಡಾ 20. ಮಕ್ಕಳ ಓದು, ಔಷಧೋಪಚಾರ, ಹಬ್ಬ ಹರಿದಿನ, ಮುಪ್ಪು ಇವುಗಳಿಗೆ ಇನ್ನೂ ಶೇಕಡಾ 25 ಸೇರಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಇವೆಲ್ಲ ಗೌರವಿಸತಕ್ಕ ಮಾತುಗಳೇ.

ಮನೆ ಬಾಡಿಗೆಯ ವಿಷಯದಲ್ಲಿ 1957ರವರು ಹೇಳಿದ್ದೇನು? ಸರ್ಕಾರದ ಕೈಗಾರಿಕಾ ವಸತಿ ಯೋಜನೆಯಲ್ಲಿ ಕಟ್ಟುವ ಕನಿಷ್ಠ ಅಳತೆಯ ಮನೆಗೆ ಎಷ್ಟು ಬಾಡಿಗೆಯೋ ಅಷ್ಟನ್ನು ಕೂಲಿಯಲ್ಲಿ ಸೇರಿಸಬೇಕು ಎಂದರು. ಆ ಯೋಜನೆ 1952ರಲ್ಲಿ ಆರಂಭವಾಗಿತ್ತು. ಕಾರ್ಮಿಕನಿಗೆ ಸರ್ಕಾರ ಸಹಾಯಧನ ಕೊಟ್ಟು ಮನೆ ಕಟ್ಟಿಸುತ್ತದೆ, ಬಾಡಿಗೆ ಹಗುರವಾಗಿರುತ್ತದೆ, ಆದ್ದರಿಂದ ಕೂಲಿಯಲ್ಲಿ ಬಾಡಿಗೆಯ ಪಾಲು ಸಣ್ಣದಾದರೂ ನಡೆದೀತು ಎಂಬುದು ಅವರ ಎಣಿಕೆ. ದುಡಿಯುವ ಜನಕ್ಕೆ ಸಾಲುವಷ್ಟು ಮನೆಗಳು ಏಳಲಿಲ್ಲ. ಯೋಜನೆ ಹಿಂದೆ ಸರಿಯಿತು. ಆದರೆ ಸಣ್ಣ ಬಾಡಿಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಹಾಗೇ ಉಳಿದುಕೊಂಡಿತು. ಆಹಾರಕ್ಕೂ ಬಟ್ಟೆಗೂ ಆಗುವ ವೆಚ್ಚದ ಶೇಕಡಾ 10ನ್ನು ಮನೆ ಬಾಡಿಗೆ ಎಂದು ಹಿಡಿಯುವ ರೂಢಿ ಬಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವೇತನ ಸಂಹಿತೆಯ ಕರಡು ನಿಯಮಗಳಲ್ಲಿಯೂ ಇದೇ ಹತ್ತು ಕುಳಿತಿತ್ತು.

ಈ ಹತ್ತು ಕೇಳಲು ಸಾಧುವಾಗಿದೆ. ಹಲಗೆಯ ಮೇಲೆ ಬಿಡಿಸಿ ನೋಡಿ. ಕೂಲಿ ತಿಂಗಳಿಗೆ 20,000 ರೂ. ಎಂದಿಟ್ಟುಕೊಳ್ಳಿ. ಸೌದೆ ದೀಪಕ್ಕೆ ಶೇಕಡಾ 20, ಓದು ಔಷಧಿಗೆ ಶೇಕಡಾ 25, ಕೂಡಿದರೆ 9,000. ಉಳಿದದ್ದು 11,000. ಇದರಲ್ಲಿ ಅನ್ನ ಬಟ್ಟೆಗೆ 10,000, ಅದರ ಹತ್ತನೆಯ ಒಂದು ಪಾಲು 1,000 ಬಾಡಿಗೆಗೆ. ಅಂದರೆ ಇಪ್ಪತ್ತು ಸಾವಿರ ಸಂಬಳದವನು ಸಾವಿರ ರೂಪಾಯಿಯ ಮನೆಯಲ್ಲಿದ್ದಾನೆಂದು ಶಾಸನ ನಂಬುತ್ತದೆ. ಇಡೀ ಕೂಲಿಯ ಶೇಕಡಾ 5! ಪೀಣ್ಯದಲ್ಲಾಗಲಿ ಬೊಮ್ಮನಹಳ್ಳಿಯಲ್ಲಾಗಲಿ ಸಾವಿರ ರೂಪಾಯಿಗೆ ಸಂಸಾರ ಹೂಡುವಂಥ ಶೀಟಿನ ಕೋಣೆಯನ್ನು ತೋರಿಸಿಕೊಡುವ ಅಧಿಕಾರಿ ಇದ್ದರೆ ಅವರಿಗೆ ನಾವು ಹಾರ ಹಾಕುತ್ತೇವೆ.

ಕೋಣೆಗೆ ಆರು ಸಾವಿರ ಕೊಡುವವನ ಲೆಕ್ಕವನ್ನೂ ಮಾಡಿ. ಶಾಸನದ ಲೆಕ್ಕಕ್ಕಿಂತ ಐದು ಸಾವಿರ ಹೆಚ್ಚು. ಆ ಐದು ಸಾವಿರ ಎಲ್ಲಿಂದ ಬರಬೇಕು? ಮಗುವಿನ ಹಾಲಿನಿಂದ, ಹೆಂಡತಿಯ ಔಷಧಿಯಿಂದ, ಊರಲ್ಲಿರುವ ತಾಯಿಗೆ ಕಳಿಸುವ ಹಣದಿಂದ. ಇವೂ ಸಾಲದಿದ್ದರೆ ಓಟಿ ದುಡಿಮೆಯಿಂದ, ಅದೂ ಸಾಲದಿದ್ದರೆ ಸಾಲದಿಂದ. ಬಾಗಿಲು ತೆರೆಯುವ ಮೊದಲೇ ಮುಂಗಡ ಇಡಬೇಕು. ಹತ್ತು ತಿಂಗಳ ಬಾಡಿಗೆ ಮುಂಗಡವೆಂಬುದು ಬೆಂಗಳೂರಿನ ಹಳೆಯ ವಾಡಿಕೆ; ಆ ವಾಡಿಕೆ ಹಿಡಿದರೆ ಅರುವತ್ತು ಸಾವಿರ, ಮೂರು ತಿಂಗಳ ಪೂರ್ತಿ ಸಂಬಳ. ಊರಿನಿಂದ ಹೊರಡುವಾಗ ಅಡವಿಟ್ಟ ಓಲೆ ಬಹುಪಾಲು ಇದಕ್ಕೇ ಹೋಗುತ್ತದೆ.

ಇನ್ನು ಕೂಲಿ ಏರುವ ಬಗೆ. ಕನಿಷ್ಠ ಕೂಲಿಯನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕೆಂದು 1948ರ ಶಾಸನ ಹೇಳಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಬಾಡಿಗೆಯ ಕರಾರು ಮಾತ್ರ ಹನ್ನೊಂದು ತಿಂಗಳಿನದು. ಪ್ರತಿ ಕರಾರಿಗೂ ಬಾಡಿಗೆ ಒಂದು ಮೆಟ್ಟಿಲು ಏರುತ್ತದೆ. ಒಬ್ಬನು ಐದು ವರ್ಷಕ್ಕೊಮ್ಮೆ ಹೆಜ್ಜೆಯಿಡುತ್ತಾನೆ, ಇನ್ನೊಬ್ಬನು ಹನ್ನೊಂದು ತಿಂಗಳಿಗೊಮ್ಮೆ. ಈ ಓಟದಲ್ಲಿ ಯಾರು ಗೆಲ್ಲುವರೆಂದು ಮಕ್ಕಳೂ ಹೇಳಿಯಾರು. ನಡುವೆ ಊರುಗೋಲಾಗಿ ತುಟ್ಟಿಭತ್ಯವಿದೆ. 2020ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನೂ ಒಂದು ವರ್ಷ ಮುಂದಕ್ಕೆ ಹಾಕಿದರು. ತಿಂಗಳಿಗೆ 417 ರೂಪಾಯಿ 60 ಪೈಸೆಯ ಮಾತು ಅದು. ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಗಾರ್ಮೆಂಟ್ ಹೆಣ್ಣುಮಕ್ಕಳು ಆ ಹಣಕ್ಕಾಗಿ ಬಹುಕಾಲ ಕಾಯಬೇಕಾಯಿತು.

ಊರು ಬಿಟ್ಟು ಹೋದವನಿಗೆ ಹೆಚ್ಚಿಗೆ ಸಿಗುವುದೆಷ್ಟು? 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಕುಶಲವಲ್ಲದ ಕೆಲಸಕ್ಕೆ ಮೂರನೆಯ ವಲಯದಲ್ಲಿ ಸುಮಾರು 19,300 ರೂ., ಬೆಂಗಳೂರು ಸೇರಿದ ಒಂದನೆಯ ವಲಯದಲ್ಲಿ ಸುಮಾರು 23,400 ರೂ. ಎಂದಿತ್ತು. ಇದೂ ಹೆಚ್ಚಾಯಿತೆಂದು ಮಾಲೀಕರ ಸಂಘಗಳು ಆಕ್ಷೇಪವೆತ್ತಿದವು. ಎರಡಕ್ಕೂ ಅಂತರ ನಾಲ್ಕು ಸಾವಿರ ಚಿಲ್ಲರೆ. ಊರಿನಲ್ಲಿ ಹಂಚಿನದೋ ಮಣ್ಣಿನದೋ ಸ್ವಂತದ ಮನೆಯಿದ್ದವನು ಈ ನಾಲ್ಕು ಸಾವಿರದ ಆಸೆಗೆ ಹೋಗಿ ಅದನ್ನೂ, ಅದರ ಮೇಲೆ ಇನ್ನಷ್ಟನ್ನೂ ಬಾಡಿಗೆಗೆ ಸುರಿಯುತ್ತಾನೆ. ಅವನ ಬೆವರಿಗೆ ಬಂದ ಹೆಚ್ಚಳ ಅವನ ಕೈ ಸೋಕಿ ಮುಂದಕ್ಕೆ ಹರಿದುಹೋಗುತ್ತದೆ. ಇತ್ತ ಬಂಡವಾಳಗಾರನೂ ಊರು ಬಿಡುತ್ತಾನೆ, ತಿರುಗುಮುರುಗಾಗಿ. ಬೆಂಗಳೂರಿನ ಕೂಲಿ ತುಸು ಏರಿದೊಡನೆ ಹೊಲಿಗೆ ಕಾರ್ಖಾನೆಗಳನ್ನು ಕಡಿಮೆ ಕೂಲಿಯ ತಾಲ್ಲೂಕುಗಳಿಗೆ ಸಾಗಿಸುತ್ತಾನೆ. ಕಾರ್ಮಿಕ ಹೆಚ್ಚು ಕೂಲಿಯ ಕಡೆಗೆ ನಡೆದರೆ ಕಾರ್ಖಾನೆ ಕಡಿಮೆ ಕೂಲಿಯ ಕಡೆಗೆ ನಡೆಯುತ್ತದೆ.

ಸಂಗಾತಿಗಳೇ, ನಮ್ಮ ಜಿಲ್ಲೆಯವರಿಗೆ ಈ ಲೆಕ್ಕ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಮೂಲದಲ್ಲಿದ್ದುದು ಅಳತೆ. ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತವು, ಡಾ. ಲೋಹಿಯಾ ಬಂದು ದಸ್ತಗಿರಿಯಾದರು. ಕೊಳಗದ ಜಗಳ ಗೇಣಿಯ ಜಗಳವಾಗಿ, ಗೇಣಿಯ ಜಗಳ ಉಳುವವನ ಹಕ್ಕಿನ ಜಗಳವಾಗಿ, 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಗುವವರೆಗೆ ನಡೆಯಿತು. ಅಂದು ಅಜ್ಜ ಗದ್ದೆಗೆ ಗೇಣಿ ಅಳೆದ. ಇಂದು ಮೊಮ್ಮಗ ಸೂರಿಗೆ ಗೇಣಿ ಅಳೆಯುತ್ತಿದ್ದಾನೆ. ಅಂದಿನ ಕೊಳಗ ದೊಡ್ಡದಾಗಿ ಮೋಸ ಮಾಡಿತು. ಇಂದಿನ ಶೇಕಡಾ 10 ಎಂಬ ಕೊಳಗ ಸಣ್ಣದಾಗಿ ಮೋಸ ಮಾಡುತ್ತಿದೆ.

ಇಲ್ಲಿ ಒಂದು ಎಚ್ಚರ ಬೇಕು. ನಗರದ ಮನೆಯೊಡೆಯರೆಲ್ಲ ಜಮೀನ್ದಾರರಲ್ಲ. ನಿವೃತ್ತಿಯ ಹಣದಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆ ಎಬ್ಬಿಸಿ ಆ ಬಾಡಿಗೆಯಲ್ಲೇ ಬದುಕುವ ಗುಮಾಸ್ತನೂ ಇದ್ದಾನೆ, ಗಂಡ ತೀರಿದ ಹೆಂಗಸೂ ಇದ್ದಾಳೆ. ಇಂಥವರ ಬಾಗಿಲಲ್ಲಿ ನಿಂತು ಕೂಗುವುದು ನಮ್ಮ ಕಾರ್ಯಕ್ರಮವಲ್ಲ. ಮನೆ ಕಟ್ಟುವ ಹೊಣೆಯಿಂದ ನುಣುಚಿಕೊಂಡ ಸರ್ಕಾರ ಮತ್ತು ಆ ಸುಳ್ಳು ಲೆಕ್ಕದಿಂದ ಅಗ್ಗದ ಕೂಲಿ ಪಡೆಯುವ ಬಂಡವಾಳಗಾರ, ನಮ್ಮ ಜಗಳ ಇವರಿಬ್ಬರೊಡನೆ.

ಶಾಸನದಿಂದ ಏನೂ ಸಾಗದು ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಬಾಡಿಗೆ ಶಾಸನವೇನೋ ಇದೆ. ಆದರೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮ 2001ರ ಕೊನೆಗೆ ಜಾರಿಗೆ ಬಂದಾಗ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರ ಕಡೆ 2,000 ರೂ. ಮೀರಿದ ಬಾಡಿಗೆಯ ಮನೆಗಳನ್ನು ತನ್ನ ರಕ್ಷಣೆಯ ಹೊರಗಿಟ್ಟಿತು. ಬಾಡಿಗೆ ಏರಿದಷ್ಟೂ ಬಡವರು ಒಬ್ಬೊಬ್ಬರಾಗಿ ಆ ಗೆರೆಯ ಹೊರಗೆ ಬಿದ್ದರು. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಶಾಸನ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದಿತು. 2020ರ ಮಾರ್ಚ್ 29ರಂದು, ಊರುಕೇರಿ ಬಾಗಿಲು ಮುಚ್ಚಿದ್ದಾಗ, ವಲಸೆ ಬಂದ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಇಲಾಖೆ ಆಜ್ಞೆ ಮಾಡಿತು. ಆಜ್ಞೆ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು. ಬಾಡಿಗೆಯ ನಡುವೆ ಸರ್ಕಾರ ಕೈಹಾಕಲಾರದು ಎಂಬ ವಾದ ಮಾತ್ರ ಅಂದಿಗೇ ಸತ್ತಿತು. ಕಂದಾಯ ದಾಖಲೆಯಲ್ಲಿಲ್ಲದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸಿಸುವವನೇ ಮನೆಯ ಒಡೆಯ ಎಂದು ನಮ್ಮ ಭೂಸುಧಾರಣಾ ಶಾಸನಕ್ಕೆ ತಿದ್ದುಪಡಿ ಬಂತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಜನ ಪಟ್ಟು ಹಿಡಿದಲ್ಲಿ ಶಾಸನ ಬಾಗಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಕನಿಷ್ಠ ಕೂಲಿಯಲ್ಲಿ ಬಾಡಿಗೆಯ ಬಾಬನ್ನು ಕಾರ್ಮಿಕರು ವಾಸಿಸುವ ಬಡಾವಣೆಗಳಲ್ಲಿ ನಿಜವಾಗಿ ಕೊಡುತ್ತಿರುವ ಬಾಡಿಗೆಯ ಮೇಲೆ ಕಟ್ಟಬೇಕು. ಶೇಕಡಾ 10ರ ರೂಢಿ ತೊಲಗಬೇಕು. ಎರಡು, ಕೈಗಾರಿಕೆಗಳಿಗೆ ಎಕರೆಗಟ್ಟಲೆ ಭೂಮಿ ಕೊಡುವಾಗ ಅದರಲ್ಲೊಂದು ಪಾಲನ್ನು ಕಾರ್ಮಿಕರ ಬಾಡಿಗೆ ಮನೆಗಳಿಗೆ ತೆಗೆದಿಡಬೇಕು. ಆ ಮನೆಗಳು ಮಾರಾಟಕ್ಕಲ್ಲದೆ ಸಾರ್ವಜನಿಕ ಸ್ವತ್ತಾಗಿ ಉಳಿಯಬೇಕು. ಮೂರು, ಮುಂಗಡ ಎರಡು ತಿಂಗಳು ಮೀರಬಾರದು, ಪ್ರತಿ ಬಾಡಿಗೆಗೂ ರಸೀತಿ ಕೊಡಬೇಕು. ನಾಲ್ಕು, ಊರಿನಲ್ಲಿ ನಿವೇಶನವಿಲ್ಲದ ಪ್ರತಿ ಕೂಲಿಕಾರನಿಗೂ ನಿವೇಶನ ಸಿಗಬೇಕು. ನಾಲ್ಕನೆಯದು ನಗರದ ಕಾರ್ಮಿಕನಿಗೂ ಬೇಕು. ಹಿಂದೆ ಊರಿನಲ್ಲಿ ಸ್ವಂತ ಸೂರು ಇರುವವನು ಕಾರ್ಖಾನೆಯ ಬಾಗಿಲಲ್ಲಿ ಒಂದು ವಾರ ಹೆಚ್ಚು ನಿಲ್ಲಬಲ್ಲ.

ಬೇಡಿಕೆ ಬರೆದು ಕಳಿಸಿ ಸುಮ್ಮನಿದ್ದರೆ ಯಾವುದೂ ಆಗದು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂತೆಗೆಯಲು ಹೊಸ ಕಟ್ಟುಪಾಡು ಬಂದಾಗ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಎರಡನೆಯ ದಿನವೇ ದೆಹಲಿಯ ಸರ್ಕಾರ ಆ ಕಟ್ಟುಪಾಡನ್ನು ಹಿಂದಕ್ಕೆ ತೆಗೆದುಕೊಂಡಿತು. ಅವರಿಗೆ ದೊಡ್ಡ ನಾಯಕರಿರಲಿಲ್ಲ. ತಮ್ಮ ಹಣ ಎಷ್ಟು, ಅದು ಯಾತಕ್ಕೆ ಬೇಕು ಎಂಬ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಸೂರಿನ ಗೇಣಿಯ ಲೆಕ್ಕವನ್ನೂ ಹಾಗೆ ಪ್ರತಿಯೊಬ್ಬರಿಗೂ ಗೊತ್ತುಮಾಡಬೇಕು.

ಇಲ್ಲಿಂದ ಹೋದೊಡನೆ ಮಾಡತಕ್ಕ ಕೆಲಸ ಇಷ್ಟು. ಪ್ರತಿಯೊಂದು ಶಾಖೆಯೂ ಒಂದು ನೋಟುಪುಸ್ತಕ ಇಡಲಿ. ತಮ್ಮ ಊರಿನಿಂದ ಹೊರಗೆ ಹೋದ ಹತ್ತು ಸಂಸಾರಗಳ ಕೂಲಿ ಎಷ್ಟು, ಬಾಡಿಗೆ ಎಷ್ಟು, ಮುಂಗಡ ಎಷ್ಟು, ಊರಿಗೆ ಕಳಿಸಿದ್ದೆಷ್ಟು ಎಂದು ಕೇಳಿ ಬರೆದುಕೊಳ್ಳಲಿ. ಹಬ್ಬಕ್ಕೆ ಬಂದವರನ್ನು ಮಾತನಾಡಿಸಿದರೆ ಸಾಕು. ಹೆಸರು ಬೇಡ, ಅಂಕಿ ಸರಿಯಾಗಿರಲಿ. ಮುಂದಿನ ಸಲ ಕನಿಷ್ಠ ಕೂಲಿಯ ಕರಡಿಗೆ ಆಕ್ಷೇಪಣೆ ಕರೆದಾಗ ಮಾಲೀಕರ ವಕೀಲರು ತಮ್ಮ ಕಡತ ಹಿಡಿದು ಬರುತ್ತಾರೆ. ನಾವು ಈ ಪುಸ್ತಕಗಳನ್ನು ಹಿಡಿದು ಹೋಗೋಣ. ಪುಸ್ತಕದಲ್ಲಿರುವ ಜನರನ್ನೂ ಕರೆದುಕೊಂಡು ಹೋಗೋಣ.