ಮಕ್ಕಳ ಕೈಗೆ ಸಿಗುವ ಕೋಣೆ



ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ. ಮೊದಲು ಟಿ. ನರಸೀಪುರದಲ್ಲಿ. ಈಗ ಊರೂರಲ್ಲೂ ಇದೆ. 3ರಿಂದ 6 ವರ್ಷದ ಮಕ್ಕಳು ಅಲ್ಲಿ ಆಡುತ್ತಾ ಕಲಿಯುತ್ತವೆ.

ನಮ್ಮೂರ ಅಂಗನವಾಡಿಯಲ್ಲೂ ಆಟದ ಸಾಮಾನು ಇತ್ತು. ಮುರಿದುಹೋದಾವು ಅಂತ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆವು. ನೀರಿನ ಬಿಂದಿಗೆ ಎತ್ತರದಲ್ಲಿತ್ತು. ಮಕ್ಕಳು ಕೈಕಟ್ಟಿ ಕೂತಿರೋವು. ಒಂದು ಅತ್ತರೆ ಎಲ್ಲವೂ ಅಳೋವು. "ಅವ್ವಾ, ನಾ ಹೋಗಲ್ಲ" ಅನ್ನೋವು. ಮಕ್ಕಳದೇ ಹಟ ಅಂದುಕೊಂಡೆವು. ತಪ್ಪು ನಮ್ಮದಾಗಿತ್ತು.

ಒಂದು ದಿನ ಕಾರ್ಯಕರ್ತೆ, ತಾಯಂದಿರು, ನಾವು ಎಲ್ಲರೂ ಸೇರಿ ಬೀಗ ತೆಗೆದೆವು. ಒಂದು ಮೂಲೆಯಲ್ಲಿ ಗೊಂಬೆ, ಅಡುಗೆ ಆಟ. ಇನ್ನೊಂದರಲ್ಲಿ ಮರದ ತುಂಡುಗಳು. ಬೆಳಕು ಬರುವ ಕಿಟಕಿ ಹತ್ತಿರ ಚಿತ್ರದ ಪುಸ್ತಕ. ನಡುವೆ ಹಾಡು, ಕತೆಗೆ ಚಾಪೆ. ಬಿಂದಿಗೆ ಕೆಳಗಿಟ್ಟು ಮುಚ್ಚಳ ಮುಚ್ಚಿದೆವು. ಹುಣಸೆ ಬೀಜದಂಥ ಸಣ್ಣ ವಸ್ತು ಮಾತ್ರ ಮೇಲಿಟ್ಟೆವು. ಮಕ್ಕಳು ಮೂಗಿಗೆ, ಬಾಯಿಗೆ ಹಾಕಿಕೊಂಡರೆ ಅಪಾಯ.

ಪ್ರತಿ ಬುಟ್ಟಿಗೂ ಒಂದು ಚಿತ್ರ ಅಂಟಿಸಿದೆವು. ಚಿತ್ರ ನೋಡಿ ಮಗು ತಾನೇ ಸಾಮಾನು ಎತ್ತಿಡುತ್ತದೆ. ಚಿತ್ರದ ಕೆಳಗೆ 'ಗೊಂಬೆ', 'ಬಳಪ' ಅಂತ ಬರೆದವರು ಯಾರು ಗೊತ್ತೇ? ನಿಮ್ಮ ಹಾಗೆ ಹೊಸದಾಗಿ ಅಕ್ಷರ ಕಲಿತ ತಾಯಂದಿರು!

ಎರಡು ಆಟಿಕೆ ಮುರಿದವು, ನಿಜ. ಆದರೆ ಅಳು ಕಡಿಮೆಯಾಯಿತು.

ನೀವೂ ನಿಮ್ಮೂರ ಅಂಗನವಾಡಿಗೆ ಹೋಗಿ. ಮಗುವಿನ ಎತ್ತರಕ್ಕೆ ಕೂತು ನೋಡಿ. ಕೈಗೆ ಏನೇನು ಸಿಗುತ್ತದೆ? ಏನೂ ಸಿಗದಿದ್ದರೆ ಸುಮ್ಮನಿರಬೇಡಿ. ಎಲ್ಲರೂ ಸೇರಿ ಕೇಳೋಣ, ಸೇರಿ ಸರಿಮಾಡೋಣ.