ಡಯಾಲಿಸಿಸ್ ತಲೆನೋವು: 72 ಗಂಟೆಯ ತಕರಾರು



 ಈ ಉಪನ್ಯಾಸದ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಇಲ್ಲಿ, ಒಮಾನಿನ ಬರ್ಕಾದಲ್ಲಿ, ಕಡಲನೀರನ್ನು ಸಿಹಿನೀರಾಗಿಸುವ ಸ್ಥಾವರದಲ್ಲಿ ದುಡಿದವರೆಂದು ಸಂಚಾಲಕರು ತಿಳಿಸಿದರು. ಅವರಿಗೆ ನನ್ನ ವಿಷಯ ಹೊಸದೆನಿಸುತ್ತಿರಲಿಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಅದನ್ನು ಸೋಸುವುದೂ ರಿವರ್ಸ್ ಆಸ್ಮೋಸಿಸ್ ಪೊರೆಯೇ. ಗಡಸು ನೀರು ಒಳಹೊಕ್ಕರೆ ತಲೆನೋವು, ವಾಂತಿ, ಏರಿದ ರಕ್ತದೊತ್ತಡ ಬರುತ್ತವೆಂಬುದು 1967ರಿಂದಲೇ ವೈದ್ಯಲೋಕಕ್ಕೆ ಗೊತ್ತು. ಒಂದೇ ಪಾಳಿಯಲ್ಲಿ ಹಲವರಿಗೆ ಒಟ್ಟಿಗೆ ತಲೆ ಸಿಡಿದರೆ ಮೊದಲು ನೀರನ್ನು ಪರೀಕ್ಷಿಸಬೇಕು.

ಮೂತ್ರಪಿಂಡ ಏಕೆ ಸೋಲುತ್ತದೆ, ಯಂತ್ರ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಬೇರೆಡೆ ಸಿಗುತ್ತದೆ. ನನ್ನ ತಕರಾರು ಒಂದು ವ್ಯಾಖ್ಯೆಯ ಮೇಲೆ.

2018ರ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣ ಡಯಾಲಿಸಿಸ್ ತಲೆನೋವಿಗೆ ಮೂರು ಗುರುತುಗಳನ್ನು ಕೊಟ್ಟು, ಎರಡಾದರೂ ಇರಬೇಕೆನ್ನುತ್ತದೆ. ನೋವು ಡಯಾಲಿಸಿಸ್ ನಡೆಯುವಾಗಲೇ ಹತ್ತಬೇಕು. ಆಗ ಹೆಚ್ಚಬೇಕು ಇಲ್ಲವೇ ಮುಗಿದ 72 ಗಂಟೆಯೊಳಗೆ ಇಳಿಯಬೇಕು. ಮೂತ್ರಪಿಂಡ ಕಸಿ ಆಗಿ ಡಯಾಲಿಸಿಸ್ ನಿಂತ ಮೇಲೆ ಪೂರ್ತಿ ಮಾಯವಾಗಬೇಕು. ವಾರಕ್ಕೆ ಮೂರು ಸಲ ಬರುವವರಿಗೆ ಎರಡು ಸರದಿಗಳ ನಡುವೆ ಸಿಗುವುದು ಸುಮಾರು 44 ಗಂಟೆ. ವಾರದ ಉದ್ದನೆಯ ಬಿಡುವಿನಲ್ಲಿ 68. 72 ಗಂಟೆ ತುಂಬುವ ಮೊದಲೇ ಮುಂದಿನ ಸೂಜಿ ಚುಚ್ಚಿರುತ್ತದೆ! ಇನ್ನು ಮನೆಗೆ ಹೋಗುವ ದಾರಿಯಲ್ಲಿ ನೋವು ಹತ್ತಿದವರು ಮೊದಲ ಗುರುತಿನಲ್ಲೇ ಹೊರಬಿದ್ದರು. ಅವರು ನಿಯಮಕ್ಕೆ ಒಳಗಾಗಲು ಕಸಿ ಆಗುವವರೆಗೆ ಕಾಯಬೇಕು. ಇದು ರೋಗಿಗಾಗಿ ಬರೆದ ನಿಯಮವೇ, ದಾಖಲೆಗಾಗಿ ಬರೆದದ್ದೇ?

ನೋವಿನ ಕಾರಣದ ಮಾತಿಗೆ ಬಂದರೆ, ಎಲ್ಲವನ್ನೂ ಯೂರಿಯಾದ ತಲೆಗೆ ಕಟ್ಟುವವರದು ಒಂದು ಪಂಥ. ರಕ್ತದಿಂದ ಯೂರಿಯಾ ಬೇಗ ಇಳಿದು, ಮಿದುಳಿನಿಂದ ನಿಧಾನವಾಗಿ ಇಳಿದಾಗ ಮಿದುಳು ನೀರೆಳೆದುಕೊಂಡು ಊದುತ್ತದೆ ಎಂಬುದು ಅವರ ವಾದ. ಡಯಾಲಿಸಿಸ್ ಆರಂಭಿಸಿದ ಮೊದಲ ಕೆಲವು ಸರದಿಗಳಿಗೆ ಅದನ್ನು ಒಪ್ಪುತ್ತೇನೆ. ವರ್ಷಗಟ್ಟಲೆ ಹೊಂದಿಕೊಂಡವರಿಗೂ ನೋವು ಬರುವಾಗ ಅದನ್ನೇ ಹಿಡಿದು ಕೂರುವುದು ಸೋಮಾರಿತನ. ರಕ್ತದೊತ್ತಡದ ಏರಿಳಿತ, ಕಡಿಮೆ ಮೆಗ್ನೀಸಿಯಂ ಇವನ್ನೆಲ್ಲ ಹೇಳುವವರ ಮಾತಿನಲ್ಲಿ ತಿರುಳಿದೆ. ಆದರೆ ಅವರೂ ಕೇಳದೆ ಬಿಡುವ ಒಂದು ಪ್ರಶ್ನೆ ಉಂಟು: ಬೆಳಗ್ಗೆ ಕಾಫಿ ಕುಡಿದಿರಾ?

ಕೆಫೀನ್ ಪುಟ್ಟ ಅಣು. ಡಯಾಲಿಸಿಸ್ ಅದನ್ನು ಬೇಗ ತೆಗೆದುಹಾಕುತ್ತದೆ. ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ರೂಢಿಯಾದವರಿಗೆ ಅದು ತಪ್ಪಿದ 24 ಗಂಟೆಯೊಳಗೆ ತಲೆ ನೋಯಬಹುದು. ಅದೇ ವರ್ಗೀಕರಣ ಈ ಎಚ್ಚರಿಕೆಯನ್ನು ಟಿಪ್ಪಣಿಯಲ್ಲಿ ಹೇಳುತ್ತದೆ, ಓದುವವರು ಯಾರು? ನಮ್ಮ ಕನ್ನಡಿಗರು ಮಾಡುವುದೇನೆಂದರೆ, ನೀರು ಸೇರಿ ತೂಕ ಹೆಚ್ಚೀತು ಎಂದು ಹೆದರಿ ಡಯಾಲಿಸಿಸ್ ದಿನ ಬೆಳಗಿನ ಲೋಟವನ್ನೇ ಬಿಡುತ್ತಾರೆ. ಕಹ್ವಾ ಎಂಬ ಅರಬ್ ಕಾಫಿ ಕುಡಿದು ಬೆಳೆದ ಒಮಾನಿ ಹಿರಿಯರು ರಂಜಾನ್ ಉಪವಾಸ ಹಿಡಿದಾಗಲೂ ಇದೇ ಪರಿಸ್ಥಿತಿ. ನನ್ನ ರೋಗಿಗಳಲ್ಲಿ ಕೆಲವರಿಗೆ ದಿನದ ನೀರಿನ ಮಿತಿಯೊಳಗೆ ಸಣ್ಣ ಲೋಟ ಕಾಫಿ ಉಳಿಸಿಕೊಟ್ಟಾಗ ನೋವು ಇಳಿಯಿತು. ಕಾಫಿ ಮುಟ್ಟದವರಿಗೂ ತಲೆ ನೋಯುತ್ತದಲ್ಲ ಎಂದು ವಿರೋಧಿಗಳು ಕೇಳುತ್ತಾರೆ. ನೋಯುತ್ತದೆ. ಕೇಳಿ ತಿಳಿದ ಮೇಲಲ್ಲವೇ ಅದನ್ನು ಬೇರೆ ಎನ್ನುವುದು?

ಒಂದು ಎಚ್ಚರಿಕೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ, ಹಿಂದೆಂದೂ ಇಲ್ಲದಂಥ ತಲೆನೋವು ಥಟ್ಟನೆ ಬಂದರೆ, ಮಂಪರು ಕವಿದರೆ, ಮಾತು ತೊದಲಿದರೆ ಅದನ್ನು ಕಾಫಿಯ ಲೆಕ್ಕಕ್ಕೆ ಹಾಕಬೇಡಿ. ಮಿದುಳಿನ ಸುತ್ತ ರಕ್ತಸ್ರಾವ ಆಗಿದ್ದೀತು, ಕೂಡಲೇ ಸ್ಕ್ಯಾನ್ ಆಗಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ನಿಮ್ಮಷ್ಟಕ್ಕೆ ನುಂಗಬೇಡಿ. ಉಳಿದಿರುವ ಅಷ್ಟಿಷ್ಟು ಮೂತ್ರಪಿಂಡದ ಶಕ್ತಿಯನ್ನೂ ಅದು ಕಸಿಯಬಲ್ಲದು.

ಡಯಾಲಿಸಿಸ್ ಘಟಕಗಳಲ್ಲಿ ದುಡಿಯುವ ದಾದಿಯರು ಈ ಸಭೆಯಲ್ಲಿದ್ದರೆ ಅವರಿಗೆ ನನ್ನ ಕೋರಿಕೆ ಇಷ್ಟೇ: ರಕ್ತದೊತ್ತಡದ ಪಕ್ಕದಲ್ಲಿ ನೋವು ಹತ್ತಿದ ಗಂಟೆ, ಇಳಿದ ಗಂಟೆ, ಕೊನೆಯ ಕಾಫಿ ಕುಡಿದ ಗಂಟೆ ಇವನ್ನೂ ಬರೆದಿಡಿ.